ಕೈ ಕಟ್ಟಿಸದ ದೊಡ್ಡ ಮೇಷ್ಟ್ರು

ನಾನು ನಿವೃತ್ತಳಾದ ದಿನ ಶಾಲೆಯಲ್ಲಿ ಸಣ್ಣದೊಂದು ಸಮಾರಂಭ ಇಟ್ಟುಕೊಂಡಿದ್ದರು. ಸುಗಂಧರಾಜದ ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ. ಮೊದಲು ಮಾತಾಡಿದವರು ನನ್ನನ್ನು ಶಿಸ್ತಿನ ಸಿಪಾಯಿ ಎಂದರು. ಎರಡನೆಯವರೂ ಅದನ್ನೇ ಎಂದರು. ಮೂರನೆಯವರು ಎದ್ದು ನಿಂತು ಮತ್ತೆ ಶಿಸ್ತು ಎಂದಾಗ ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಾನು ಅಳುತ್ತಿದ್ದೇನೆ ಎಂದುಕೊಂಡು ಮುಂದಿನ ಸಾಲಿನ ಇಬ್ಬರು ಕಣ್ಣೊರೆಸಿಕೊಂಡರು. ಅವರಿಗೆ ನಿಜ ಹೇಳಿ ಮನಸ್ಸು ನೋಯಿಸುವುದು ಬೇಡವೆಂದು ನಾನೂ ಕಣ್ಣೊರೆಸಿಕೊಂಡೆ.

ನಗು ಬಂದದ್ದು ಒಬ್ಬರ ನೆನಪಾಗಿ. ಅವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಬದುಕಿದ್ದು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ, ಶಿಸ್ತಿನ ಸಿಪಾಯಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ, ದೊಡ್ಡದಾಗಿ ಸೀನಿ ಸಭೆಯನ್ನೇ ಎಬ್ಬಿಸಿಬಿಡುತ್ತಿದ್ದರು. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯ ಹೆಡ್ಮಾಸ್ಟರು ಅವರು. ಊರಿನವರೆಲ್ಲ ದೊಡ್ಡ ಮೇಷ್ಟ್ರು ಅನ್ನುತ್ತಿದ್ದರು. ಒಬ್ಬರನ್ನು ದೊಡ್ಡವರು ಅನ್ನಬೇಕಾದರೆ ಚಿಕ್ಕವರೊಬ್ಬರು ಇರಬೇಕಲ್ಲ, ಅದು ನಾನು. ಇಡೀ ಶಾಲೆಗೆ ನಾವಿಬ್ಬರೇ. ಅವರ ಹೆಸರು ಬರೆಯುವುದಿಲ್ಲ. ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಕು, ಮೇಷ್ಟ್ರ ಹೆಸರು ಯಾರಿಗೆ ಬೇಕು ಎನ್ನುತ್ತಿದ್ದ ಮನುಷ್ಯ.

ಇದು ಐವತ್ತರ ದಶಕದ ಮಾತು. ತೆರಕಣಾಂಬಿಯಿಂದ ಎರಡು ಮೈಲಿ ಹೊಲದ ಬದುವಿನ ಮೇಲೆ ನಡೆದರೆ ಆ ಊರು. ನಾನು ಚಾಮರಾಜನಗರದವಳು, ರೈಲು ಬರುವ ಊರಿನವಳೆಂಬ ಜಂಬ ಬೇರೆ. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ, ತೆರಕಣಾಂಬಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದಿನಾ ನಡೆದು ಹೋಗಿ ಬರುತ್ತಿದ್ದೆ. ಟ್ರೈನಿಂಗಿನಲ್ಲಿ ಕಲಿತದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದೇ ವಿಷಯ. ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಕಣ್ಣು ಕಪ್ಪು ಹಲಗೆಯ ಮೇಲಿಟ್ಟು ಕೂರಬೇಕು. ನಲವತ್ತು ಮಕ್ಕಳು ಹಾಗೆ ಕೂತದ್ದನ್ನು ನೋಡಿದರೆ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಮೊದಲ ದಿನ ಹತ್ತು ಗಂಟೆಗೆ ಸರಿಯಾಗಿ ಹೋಗಿ ನೋಡುತ್ತೇನೆ, ಹೆಡ್ಮಾಸ್ಟರು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಒಂದು ಹುಡುಗಿಯ ಸಿಕ್ಕುಗಟ್ಟಿದ ತಲೆಗೆ ಹರಳೆಣ್ಣೆ ಹಚ್ಚಿ ಬಾಚುತ್ತಿದ್ದಾರೆ. ಮೇಲೆ ಕರಿ ಕೋಟು, ಕೆಳಗೆ ಕಚ್ಚೆಪಂಚೆ. ಕೋಟಿನ ಒಂದೇ ಜೇಬಿನಲ್ಲಿ ಸೀಮೆಸುಣ್ಣವೂ ನಶ್ಯದ ಡಬ್ಬಿಯೂ ಇರುತ್ತಿದ್ದುದರಿಂದ ಅವರು ಬರೆದ ಬೋರ್ಡಿನ ಹತ್ತಿರ ನಿಂತರೆ ನಮಗೂ ಸೀನು ಬರುತ್ತಿತ್ತು. ನನ್ನ ನೇಮಕದ ಕಾಗದ ಕೊಟ್ಟೆ. ಎಣ್ಣೆ ಕೈಯಲ್ಲೇ ತೆಗೆದುಕೊಂಡು, ಓದದೆ, ಬಾಚಣಿಗೆಯನ್ನು ನನ್ನ ಕೈಗಿತ್ತು, ಇನ್ನೂ ಇಬ್ಬರು ಇದ್ದಾರೆ ನೋಡಿ ಎಂದರು. ಮೈಸೂರಿನಲ್ಲಿ ಕಲಿತು ಬಂದದ್ದು ಹೇನು ಹೆಕ್ಕುವುದಕ್ಕೇ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ಅವರ ಹಾಜರಿಯೇ ಒಂದು ಬೇರೆ ಪ್ರಪಂಚ. ಹೆಸರು ಕರೆದರೆ ಮಕ್ಕಳು ಹಾಜರ್ ಅನ್ನುವ ಹಾಗಿರಲಿಲ್ಲ. ಏನು ಉಂಡೆ ಎಂಬುದನ್ನು ಹೇಳಬೇಕಿತ್ತು. ರಾಗಿಮುದ್ದೆ ಉಂಡು ಬಂದ ಒಬ್ಬ "ಇಟ್ಟು ಉಪ್ಸಾರು ಸಾ" ಅನ್ನುತ್ತಿದ್ದ, ಇನ್ನೊಬ್ಬಳು ತಂಗಳು ಅನ್ನುತ್ತಿದ್ದಳು. ಏನೂ ಇಲ್ಲ ಎಂದವರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಬೀಳುತ್ತಿತ್ತು. ಚುಕ್ಕಿ ಬಿದ್ದವರನ್ನು ಸ್ವಲ್ಪ ಹೊತ್ತಾದ ಮೇಲೆ, ಅಮ್ಮಾವ್ರ ಹತ್ತಿರ ನನ್ನ ಕನ್ನಡಕ ಇಸ್ಕೊಂಡು ಬನ್ನಿ ಎಂದು ತಮ್ಮ ಮನೆಗೆ, ಹೆಂಡತಿಯ ಹತ್ತಿರ ಕಳಿಸುತ್ತಿದ್ದರು. ಕನ್ನಡಕ ಅವರ ಮೂಗಿನ ಮೇಲೇ ಇರುತ್ತಿತ್ತು. ಮಕ್ಕಳು ಬಾಯಿ ಒರೆಸಿಕೊಳ್ಳುತ್ತಾ ವಾಪಸ್ಸು ಬಂದು, ಕನ್ನಡಕ ಸಿಗಲಿಲ್ಲ ಸಾ ಎನ್ನುತ್ತಿದ್ದರು. ಇವರು ಹೋಗಲಿ ಬಿಡು ಎನ್ನುತ್ತಿದ್ದರು. ಇದಕ್ಕೆಲ್ಲ ಅರ್ಧ ಗಂಟೆ. ಅಷ್ಟು ಹೊತ್ತಿಗೆ ನಾನು ಎರಡು ಮಗ್ಗಿ ಹೇಳಿಸಿ ಮುಗಿಸಬಹುದಿತ್ತು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕೂರಿಸುವುದಕ್ಕೂ ಅವರದೇ ಕಾನೂನು. ಮೊದಲು ಬಂದವರು ಮುಂದೆ, ಆಮೇಲೆ ಬಂದವರು ಹಿಂದೆ. ಅದಕ್ಕೂ ಮುಂಚೆ ಕೇರಿಯ ಮಕ್ಕಳು ಬಾಗಿಲಾಚೆ ಜಗಲಿಯಲ್ಲಿ ಕೂರುತ್ತಿದ್ದರಂತೆ. ಕೂಲಿಗೆ ಹೋಗುವ ಅಪ್ಪ ಅವ್ವಂದಿರ ಜೊತೆ ಹೊತ್ತಿಗೆ ಮುಂಚೆ ಏಳುವ ಮಕ್ಕಳು ಅವು, ಹಾಗಾಗಿ ಮುಂದಿನ ಸಾಲೆಲ್ಲ ಅವರದ್ದೇ ಆಯಿತು. ಪಟೇಲರ ಮಗ ಗುರುಸಿದ್ದ ಬಿಸಿಲೇರಿದ ಮೇಲೆ ಬರುತ್ತಿದ್ದವನು, ಹಿಂದಿನ ಗೋಡೆಗೆ ಒರಗಿದ. ಪಟೇಲರು ಮೀಸೆ ತಿರುವುತ್ತಾ ಬಂದು ಮಗನನ್ನು ಹಿಂದೆ ಕೂರಿಸಿದ್ದು ಯಾಕೆಂದು ಕೇಳಿದರು.

"ನಾ ಕೂರ್ಸಿಲ್ಲ ಪಟೇಲ್ರೇ, ಅವ ಬಂದ ಹೊತ್ತು ಕೂರ್ಸ್ಯದೆ" ಎಂದರು ದೊಡ್ಡ ಮೇಷ್ಟ್ರು. "ನಾಳೀಕ ಬೇಗ್ನೆ ಕಳ್ಸಿ, ಮುಂದ್ಗಡೆ ಜಾಗ ಅವನ್ದೇ."

ಇದರಿಂದ ಊರಿನಲ್ಲಿ ಗುಸುಗುಸು ಎದ್ದು ನಾಲ್ಕು ದಿನ ಅರ್ಧ ಶಾಲೆ ಖಾಲಿಯಾಯಿತು. ಹೋಗಿ ಒಂದು ಮಾತು ಆಡಿ ಬನ್ನಿ ಎಂದು ನಾನು ಗೋಗರೆದೆ. ಅವರು ಹೋಗಲಿಲ್ಲ. ಬಂದಷ್ಟು ಮಕ್ಕಳಿಗೆ ಬಂಡೀಪುರದ ಕಾಡಿನ ಒಂಟಿ ಆನೆಯ ಕತೆ ಹೇಳುತ್ತಾ, ದಿನಾ ಆನೆ ಹಳ್ಳಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತಿದ್ದರು. ಕತೆ ಅರ್ಧರ್ಧ ಊರೆಲ್ಲ ಹಬ್ಬಿತು. ಐದನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಗುರುಸಿದ್ದ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಅವತ್ತು ಅವನ ಪಕ್ಕ ಮುಂದಿನ ಸಾಲಿನಲ್ಲಿ ಕೂತವಳು ಮಾದೇವಿ. ನಾನು ಹೇಳಬೇಕೆಂದಿರುವುದು ಈ ಮಾದೇವಿಯ ವಿಷಯವನ್ನೇ.

ಮಾದೇವಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಕೇಳದ್ದರಿಂದ ಮಾತೂ ಬಂದಿರಲಿಲ್ಲ. ತಂದೆ ಇಲ್ಲ, ತಾಯಿ ಪುಟ್ಟಮ್ಮ ಕೂಲಿಗೆ ಹೋಗುತ್ತಿದ್ದಳು. ಏಳೆಂಟು ಆಡುಗಳಿದ್ದವು, ಅವನ್ನು ಮೇಯಿಸುವುದು ಮಾದೇವಿಯ ಕೆಲಸ. ಊರಿಗೆಲ್ಲ ಅವಳು ಮೂಗಿ. ದೊಡ್ಡ ಮೇಷ್ಟ್ರು ಅವಳನ್ನು ಶಾಲೆಗೆ ಸೇರಿಸುತ್ತೇನೆ ಎಂದಾಗ ಪುಟ್ಟಮ್ಮನೇ ನಕ್ಕಳಂತೆ. ಇವರು ಬಿಡಲಿಲ್ಲ. ಒಂದು ವಾರ ಸಂಜೆ ಹೊತ್ತು ಬೀಳುಭೂಮಿಗೆ ಹೋಗಿ, ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಅವಳು ತಾಯಿಯ ಜೊತೆ ಕೈಯಲ್ಲಿ ಏನೇನು ಹೇಳುತ್ತಾಳೆ ಎಂದು ನೋಡಿ ಕಲಿತರು. ಆಡು ಅಂದರೆ ತಲೆಯ ಮೇಲೆ ಎರಡು ಬೆರಳು. ನೀರು ಅಂದರೆ ಬೊಗಸೆ. ಹೋಯಿತು ಅಂದರೆ ಅಂಗೈ ಕೊಡವುವುದು. ಮೇಷ್ಟ್ರು ಹುಡುಗಿಯಿಂದ ಕಲಿತು, ಆಮೇಲೆ ತರಗತಿಗೆ ಕಲಿಸಿದರು.

ತರಗತಿಗೆ ಕಲಿಸಿದ ರೀತಿಯೂ ತಮಾಷೆ. ಅವಳನ್ನು ಮೂಗಿ ಎಂದು ಕರೆದವರು ಆವತ್ತು ಮಧ್ಯಾಹ್ನದವರೆಗೆ ಬಾಯಿ ತೆರೆಯದೆ ಕೈಯಲ್ಲೇ ಮಾತಾಡಬೇಕು ಎಂದು ಶಿಕ್ಷೆ ಇಟ್ಟರು. ಮಕ್ಕಳಿಗೆ ಈ ಶಿಕ್ಷೆ ಎಷ್ಟು ರುಚಿಸಿತೆಂದರೆ, ಬೆಳಿಗ್ಗೆ ಬಂದ ಕೂಡಲೇ ಸಾಲಾಗಿ ನಿಂತು ಮೂಗಿ ಮೂಗಿ ಎಂದು ಕೂಗಿ, ಶಿಕ್ಷೆ ಪಡೆದುಕೊಂಡು ಕುಣಿಯುತ್ತಾ ಒಳಗೆ ಹೋಗುತ್ತಿದ್ದರು. ದೊಡ್ಡ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು, ಮೂಗಿ ಎಂದವರಿಗೆ ಕೈಮಾತು ಬಂದ್ ಎಂದು ಶಿಕ್ಷೆಯನ್ನೇ ತಿರುವಿ ಹಾಕಿದರು. ಆಮೇಲೆ ಯಾರೂ ಆ ಹೆಸರು ಎತ್ತಲಿಲ್ಲ.

ವರ್ಷ ಕಳೆಯುವುದರೊಳಗೆ ಕೈಮಾತು ಬೆಳೆದು ಹೆಮ್ಮರವಾಯಿತು. ಗುಂಡ್ಲುಪೇಟೆ ಅಂದರೆ ಬಸ್ಸಿನ ಚಕ್ರ ತಿರುಗಿಸುವುದು, ಚಾಮರಾಜನಗರ ಅಂದರೆ ಮುಷ್ಟಿ ಎತ್ತಿ ರೈಲಿನ ಸೀಟಿ ಎಳೆಯುವುದು. ಊರಿನವರಿಗೆಲ್ಲ ಒಂದೊಂದು ಹೆಸರು. ಪಟೇಲರಿಗೆ ಮೀಸೆ. ದೊಡ್ಡ ಮೇಷ್ಟ್ರಿಗೆ ಮೂಗಿಗೆ ಹಿಡಿದ ಚಿಟಿಕೆ. ನನಗೆ, ಎದೆಯ ಮೇಲೆ ಕಟ್ಟಿದ ಎರಡು ಕೈ. ಹೆಸರಿಟ್ಟವಳು ಮಾದೇವಿ. ದೊಡ್ಡ ಮೇಷ್ಟ್ರು ಇದನ್ನು ನನಗೆ ಹೇಳಿ ನಕ್ಕರು. ನಾನು ಮಾತ್ರ ಬೀಗಿದೆ. ಶಿಸ್ತಿನ ಟೀಚರಿಗೆ ಶಿಸ್ತಿನ ಹೆಸರು ಎಂದುಕೊಂಡೆ.

ಕೈಮಾತನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಬಾಯಿಲೆಕ್ಕ ಕೇಳಿದ ಕೂಡಲೇ ನಾಲ್ಕು ದಿಕ್ಕಿನಿಂದ ಕೈಗಳು ಆಡಲು ಶುರುವಾಗುತ್ತಿದ್ದವು. ಪ್ರಶ್ನೆಯನ್ನು ಮಾದೇವಿಗೆ ಮುಟ್ಟಿಸುವುದು ಮಕ್ಕಳಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಆದರೆ ಪ್ರಶ್ನೆ ಹೋಗುವ ದಾರಿಯಲ್ಲೇ ಉತ್ತರವೂ ಹೋಗಬಹುದಲ್ಲ. ಇದು ಕಾಪಿ ಹೊಡೆಯುವ ವಿದ್ಯೆ ಎಂದು ನಾನು ದೊಡ್ಡ ಮೇಷ್ಟ್ರ ಹತ್ತಿರ ವಾದಿಸಿದೆ. ನೀವೇ ಕೂತು ನೋಡಿ, ಉತ್ತರ ಯಾರಿಂದ ಯಾರಿಗೆ ಹೋಗುತ್ತೆ ಅಂತ ನಂಗೂ ಹೇಳಿ ಎಂದರು. ಹಟಕ್ಕೆ ಬಿದ್ದು ಎರಡು ತಿಂಗಳು ಹದ್ದಿನ ಹಾಗೆ ಕಾದೆ. ಲೆಕ್ಕದಲ್ಲಿ ಉತ್ತರ ಹೋಗುತ್ತಿದ್ದದ್ದು ಮಾದೇವಿಯಿಂದ ಗುರುಸಿದ್ದನಿಗೆ. ಇದನ್ನು ದೊಡ್ಡ ಮೇಷ್ಟ್ರಿಗೆ ಹೇಳಲು ನನ್ನ ಅಹಂಕಾರ ಬಿಡಲಿಲ್ಲ.

ಅಷ್ಟಾದರೂ ಅವಳು ಎರಡು ವರ್ಷದಿಂದ ಒಂದನೇ ತರಗತಿಯಲ್ಲೇ ಇದ್ದಳು. ಹಿಂದಿನ ವರ್ಷ ಬಂದಿದ್ದ ಇನ್ಸ್‌ಪೆಕ್ಟರು ಅವಳಿಂದ ಓದಿಸಲು ನೋಡಿ, ಬಾಯಿ ಬಿಡದ್ದನ್ನು ಕಂಡು, ಈ ಮಗುವಿಗೆ ಶಾಲೆಯಿಂದ ಪ್ರಯೋಜನ ಕಾಣುವುದಿಲ್ಲ, ಬರುವ ವರ್ಷವೂ ಪಾಸಾಗದಿದ್ದರೆ ಹೆಸರು ಕಡಿದುಹಾಕುವುದು ಎಂದು ಬರೆದು ಹೋಗಿದ್ದರು. ಪುಟ್ಟಮ್ಮನದೂ ಅದೇ ಮಾತು. ಪಾಸಾದರೆ ಇರಲಿ, ಇಲ್ಲದಿದ್ದರೆ ಆಡಿನ ಹಿಂದೆ ಹೋಗಲಿ. ಅವಳದು ತಪ್ಪೆನ್ನುವ ಹಾಗಿರಲಿಲ್ಲ. ಮಗಳು ಶಾಲೆಗೆ ಬಂದ ಮೇಲೆ ಅವಳು ಕೂಲಿ ಬಿಟ್ಟು ಆಡು ಕಾಯುತ್ತಿದ್ದಳು.

ಆ ವರ್ಷ ದೊಡ್ಡ ಮೇಷ್ಟ್ರು ನಶ್ಯವನ್ನೂ ಮರೆತು ಅವಳ ಹಿಂದೆ ಬಿದ್ದರು. ನೆಲದ ಮೇಲೆ ಹುಣಸೆಬೀಜ ಜೋಡಿಸಿ ಅಕ್ಷರ, ಅಕ್ಷರದ ಪಕ್ಕ ವಸ್ತು. ಕೊಡ ಎಂದು ಬರೆದರೆ ಕೊಡ ತಂದಿಡುತ್ತಿದ್ದರು. ಕೊಡೆ ಎಂದು ಬರೆದರೆ ಕೊಡೆ. ಆನೆಗೆ ಮಾತ್ರ ತಾವೇ ತೋಳನ್ನು ಸೊಂಡಿಲು ಮಾಡಿಕೊಂಡು ತರಗತಿಯ ತುಂಬಾ ಓಡಾಡಿದರು.

ಇನ್ಸ್‌ಪೆಕ್ಷನ್ನಿನ ಹಿಂದಿನ ದಿನ ಅವರು ರಿಜಿಸ್ಟರುಗಳಿಗೆ ಹೊಸ ರಟ್ಟು ತರಲು ಗುಂಡ್ಲುಪೇಟೆಗೆ ಹೋಗಿದ್ದರು. ಇಡೀ ಶಾಲೆ ನನ್ನ ಕೈಗೆ ಸಿಕ್ಕಿತು. ಹೊಸದಾಗಿ ಬಂದ ಇನ್ಸ್‌ಪೆಕ್ಟರು ಬಹಳ ಬಿಗಿ, ಮಕ್ಕಳು ಕೂತ ಭಂಗಿ ನೋಡಿಯೇ ಅರ್ಧ ಮಾರ್ಕು ಹಾಕುತ್ತಾರೆ ಎಂದು ನಾನು ಕೇಳಿದ್ದೆ. ಶಾಲೆಯ ಮಾನ ನನ್ನ ಮೇಲಿದೆ ಎಂದುಕೊಂಡು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ನಾಳೆ ಸಾಹೇಬರು ಒಳಗೆ ಕಾಲಿಟ್ಟಲ್ಲಿಂದ ಹೊರಗೆ ಹೋಗುವ ತನಕ ಎಲ್ಲರೂ ಕೈ ಕಟ್ಟಿರಬೇಕು. ಬಿಚ್ಚಿದವರಿಗೆ ಹುಣಸೆ ಬರಲಿನಲ್ಲಿ ಎರಡೆರಡು ಬೀಳುತ್ತವೆ. ನಾಲ್ಕು ಸಲ ಅಭ್ಯಾಸ ಮಾಡಿಸಿದೆ. ನಾನು ಮಾಡುತ್ತಿರುವುದು ಏನೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ದೊಡ್ಡ ಮೇಷ್ಟ್ರು ಎತ್ತಿನ ಗಾಡಿ ಕಟ್ಟಿಸಿಕೊಂಡು ಸಾಹೇಬರನ್ನು ಕರೆತರಲು ತೆರಕಣಾಂಬಿಯ ಬಸ್ಸಿನ ಹತ್ತಿರ ಹೋದರು. ಸಾಹೇಬರು ಬಸ್ಸಿಗೆ ಬರಲೇ ಇಲ್ಲ. ಯಾರದೋ ಜೀಪು ಸಿಕ್ಕಿ ಇನ್ನೊಂದು ದಾರಿಯಿಂದ ಬಂದು ನೇರ ನಮ್ಮ ಶಾಲೆಯ ಮುಂದೆ ಇಳಿದರು. ಸಣಕಲು ದೇಹ, ಕಂಕುಳಲ್ಲಿ ಕೊಡೆ, ಮುಖದಲ್ಲಿ ನಗುವಿನ ಸುಳಿವಿಲ್ಲ. ಹೊರಗೆ ಹುಣಸೆಮರದ ಕೆಳಗೆ ಪುಟ್ಟಮ್ಮ ಆಡುಗಳನ್ನು ನಿಲ್ಲಿಸಿಕೊಂಡು ಕೂತಿದ್ದಳು. ತೀರ್ಮಾನ ಕೇಳಿಕೊಂಡೇ ಹೋಗುತ್ತೇನೆ ಎಂದಿದ್ದಳು.

ಸಾಹೇಬರು ಒಳಗೆ ಕಾಲಿಟ್ಟರು. ಅಷ್ಟೂ ಮಕ್ಕಳು ಕೈ ಕಟ್ಟಿದರು. ಸಾಹೇಬರು ತಲೆಯಾಡಿಸಿದ್ದು ಕಂಡು ನನ್ನ ಎದೆ ಉಬ್ಬಿತು. ಪದ್ಯ ಕೇಳಿದರು, ಮಗ್ಗಿ ಕೇಳಿದರು, ಎಲ್ಲ ಸುಸೂತ್ರ. ಗುರುಸಿದ್ದ ಮಾತ್ರ ಒಂದು ಬಾಯಿಲೆಕ್ಕಕ್ಕೆ ತೊದಲಿ ನನ್ನ ಮಾನ ಕಳೆದ. ಆಮೇಲೆ ಹಿಂದಿನ ಇನ್ಸ್‌ಪೆಕ್ಟರು ಬರೆದಿಟ್ಟ ಪುಸ್ತಕ ತಿರುವಿ ಮಾದೇವಿ ಯಾರು ಎಂದರು. ಅವಳನ್ನು ಎಬ್ಬಿಸಿದೆ. ಒಬ್ಬನ ಹತ್ತಿರ ಹನ್ನೆರಡು ಆಡು, ನಾಲ್ಕನ್ನು ಚಿರತೆ ಹಿಡಿಯಿತು, ಸಂತೆಯಲ್ಲಿ ಐದು ತಂದ, ಈಗ ಎಷ್ಟು ಎಂದು ಕೇಳಿ ಎಂದರು.

ನಾನು ಕೇಳಿದೆ. ಗಟ್ಟಿಯಾಗಿ ಕೇಳಿದೆ. ಇನ್ನೂ ಗಟ್ಟಿಯಾಗಿ ಕೇಳಿದೆ. ಕಿವಿ ಕೇಳದ ಹುಡುಗಿಯ ಮುಂದೆ ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಮಾದೇವಿ ನನ್ನ ಬಾಯಿ ನೋಡಿದಳು, ಆಮೇಲೆ ಪ್ರಶ್ನೆಗಾಗಿ ದಿನದಂತೆ ಗೆಳೆಯರ ಕಡೆ ತಿರುಗಿದಳು. ಒಬ್ಬೊಬ್ಬರನ್ನೇ ನೋಡುತ್ತಾ ಹೋದಳು. ಎಲ್ಲ ಮನೆಯ ಬಾಗಿಲೂ ಹಾಕಿದ ಬೀದಿಯಂತಿತ್ತು ತರಗತಿ. ಗುರುಸಿದ್ದನ ಕಣ್ಣು ನನ್ನ ಬರಲಿನ ಮೇಲಿತ್ತು. ಕೊನೆಗೆ ಮಾದೇವಿ, ಬಹುಶಃ ಅದೇ ಉತ್ತರವಿರಬೇಕೆಂದು, ಮೆಲ್ಲಗೆ ತನ್ನ ಕೈಗಳನ್ನೂ ಕಟ್ಟಿಕೊಂಡಳು.

ಸಾಹೇಬರು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ಆಗ ನನಗೆ ಹೊಳೆಯಿತು. ಆ ಹುಡುಗಿಯ ಕಿವಿಗಳು ಆ ಮಕ್ಕಳ ಕೈಯಲ್ಲಿದ್ದವು. ಅಷ್ಟನ್ನೂ ನಾನೇ ಕಟ್ಟಿಸಿ ಕೂರಿಸಿದ್ದೆ. ನನಗೆ ಅಷ್ಟು ನಾಚಿಕೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಕೈಯಲ್ಲಿದ್ದ ಬರಲನ್ನು ಕೆಳಗೆ ಹಾಕಿದೆ. ಎರಡು ಬೆರಳು ತಲೆಯ ಮೇಲಿಟ್ಟು ಆಡು ಎಂದೆ. ಹನ್ನೆರಡು ಎಂದೆ. ಉಗುರು ತೋರಿಸಿ ಚಿರತೆ ಎಂದೆ, ನಾಲ್ಕು ಹೋಯಿತು ಎಂದು ಅಂಗೈ ಕೊಡವಿದೆ. ತಲೆಯ ಮೇಲೆ ಮಕ್ಕರಿ ಹೊತ್ತು ಸಂತೆಗೆ ಹೋಗಿ ಐದು ತಂದೆ. ನನ್ನ ಐದನೆಯ ಬೆರಳು ಪೂರ್ತಿ ಏಳುವ ಮೊದಲೇ ಮಾದೇವಿ ಹದಿಮೂರು ತೋರಿಸಿದಳು. ಅವಳ ಮುಖ ಅರಳಿದ್ದು ಉತ್ತರ ಬಂತೆಂದಲ್ಲ, ನಾನು ಮಾತಾಡಿದೆನೆಂದು.

ಸಾಹೇಬರು ಪೆನ್ನು ಹಿಡಿದು ನಿಂತರು. ನೀವೇ ಉತ್ತರ ಹೇಳಿಕೊಟ್ಟಿರಬಹುದಲ್ಲ ಎಂದರು. ಅವರ ಅನುಮಾನ ನ್ಯಾಯವಾದದ್ದೇ. ನಾನೂ ಎರಡು ತಿಂಗಳು ಅದೇ ಅನುಮಾನದಲ್ಲಿ ಕಾದವಳು. ಎಲ್ಲರೂ ಗೋಡೆಯ ಕಡೆ ತಿರುಗಿ ನಿಲ್ಲಿ ಎಂದರು. ನನಗೂ ಸೇರಿಸಿಯೇ ಹೇಳಿದ್ದು. ನಾವೆಲ್ಲ ಗೋಡೆಗೆ ಮುಖ ಮಾಡಿ ನಿಂತೆವು. ಹಿಂದೆ ಏನು ನಡೆಯಿತೋ ಕಾಣಲಿಲ್ಲ. ಮೊದಲು ಕೊಡೆ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಸೀಮೆಸುಣ್ಣದ ಸದ್ದು. ಆಮೇಲೆ ಕಾಲು ಕುಣಿಸಿದ ಸದ್ದು. ಆಮೇಲೆ ಮಾದೇವಿ ಕಿಲಕಿಲ ನಕ್ಕದ್ದು. ಅದರ ಹಿಂದೆಯೇ ಒಬ್ಬ ಗಂಡಸಿನ ನಗು.

ಇದನ್ನೆಲ್ಲ ಕಣ್ಣಾರೆ ಕಂಡವರು ಒಬ್ಬರೇ. ಬಸ್ಸಿಗೆ ಕಾದು ಕಾದು, ಸುದ್ದಿ ತಿಳಿದು, ಎತ್ತುಗಳನ್ನು ಓಡಿಸಿಕೊಂಡು ಬಂದ ದೊಡ್ಡ ಮೇಷ್ಟ್ರು ಬಾಗಿಲಿಗೆ ಬಂದು ನೋಡಿದರೆ, ಇಡೀ ಶಾಲೆ ಟೀಚರ ಸಮೇತ ಗೋಡೆ ನೋಡುತ್ತಾ ನಿಂತಿದೆ, ಇನ್ಸ್‌ಪೆಕ್ಟರು ತಲೆಯ ಮೇಲೆ ಎರಡು ಬೆರಳಿಟ್ಟುಕೊಂಡು ಆಡಾಗಿದ್ದಾರೆ. ಅವರು ಆ ಕತೆಯನ್ನು ಮುಂದೆ ನೂರು ಸಲ ಹೇಳಿದರು, ಒಂದೊಂದು ಸಲ ಒಂದೊಂದು ಥರ. ಒಂದು ಸಲ ಸಾಹೇಬರು ಬ್ಯಾ ಎಂದರಂತೆ, ಇನ್ನೊಂದು ಸಲ ಮೇಜಿನ ಮೇಲೆ ಹಾರಿದರಂತೆ. ಎಲ್ಲದರಲ್ಲೂ ಇದ್ದ ಒಂದು ಸಂಗತಿಯನ್ನು ನಾನು ನಂಬುತ್ತೇನೆ. ಮೂರನೆಯ ಲೆಕ್ಕದಲ್ಲಿ ಸಾಹೇಬರೇ ಎಣಿಕೆ ತಪ್ಪಿದರು. ಮಾದೇವಿ ಹತ್ತಿರ ಹೋಗಿ, ಅವರ ಮಡಿಸಿದ ಒಂದು ಬೆರಳನ್ನು ಹಿಡಿದು ನೆಟ್ಟಗೆ ಮಾಡಿದಳು.

ತಿರುಗಿ ಎಂದಾಗ ತಿರುಗಿದೆವು. ಹಲಗೆಯ ಮೇಲೆ ಸಾಹೇಬರು ಬರೆಸಿದ ಕೊಡೆ, ಕೊಡ, ಆನೆ ಎಂಬ ಮಾತುಗಳಿದ್ದವು. ಕೆಳಗೆ ಯಾರೂ ಕೇಳದೆ ಅವಳೇ ಬರೆದ ಮಾದೇವಿ ಎಂಬ ಹೆಸರು. ದೊಡ್ಡ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಎರಡನೇ ತರಗತಿಗೆ ಹಾಕಿಕೊಳ್ಳಿ ಎಂದರು ಸಾಹೇಬರು. ಕೇಳಿದ್ದೇ ತಡ, ಅಷ್ಟೂ ಮಕ್ಕಳು ಕೈ ಬಿಚ್ಚಿ ಮಾದೇವಿಗೆ ಸುದ್ದಿ ಹೇಳಲು ಮುಗಿಬಿದ್ದರು. ಗಾಳಿಗೆ ಸಿಕ್ಕ ರಾಗಿಹೊಲದ ಹಾಗೆ ಕೈಗಳು. ಸಾಹೇಬರು ಅದನ್ನೂ ನೋಡಿದರು. ಪುಸ್ತಕದ ಕೊನೆಯಲ್ಲಿ ತಪ್ಪದೆ ಒಂದು ಸಾಲು ಬರೆದರು: ಮಕ್ಕಳಲ್ಲಿ ಕೈ ಕಟ್ಟಿ ಕೂರುವ ಅಭ್ಯಾಸ ಸಾಲದು.

ಸಾಹೇಬರನ್ನು ಹೊತ್ತ ಗಾಡಿ ಮರೆಯಾದ ಮೇಲೆ ದೊಡ್ಡ ಮೇಷ್ಟ್ರು ಆ ಸಾಲನ್ನು ಓದಿ, ಕಂಬ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನನಗೂ ನೀರು ಬಂತು, ನಗುವಿನದ್ದಲ್ಲ. ಹಿಂದಿನ ದಿನ ನಾನು ಮಾಡಿದ್ದನ್ನೆಲ್ಲ ಬಿಡದೆ ಹೇಳಿಬಿಟ್ಟೆ. ಬರಲಿನ ವಿಷಯವನ್ನೂ ಹೇಳಿದೆ. ಅವರ ನಗು ನಿಂತಿತು.

"ಕಟ್ಸಿದವ್ರೂ ನೀವೇ, ಬಿಚ್ಚಿದವ್ರೂ ನೀವೇ. ಬುಡಿ ತಾಯಿ" ಎಂದರು. ಆಮೇಲೆ ತಲೆ ಕೆರೆದುಕೊಂಡು, "ಅದಿರ್ಲಿ, ನಿಮ್ಗ ಕೈಮಾತು ಯಾವಾಗ ಬಂತು?"

ನನಗೂ ಗೊತ್ತಿರಲಿಲ್ಲ. ಕಾಪಿ ಹಿಡಿಯುತ್ತೇನೆಂದು ಎರಡು ತಿಂಗಳು ಕಣ್ಣಿಟ್ಟು ಕಾದಾಗ ಬಂದಿರಬೇಕು. ಬೇಕೆಂದೇ ನನ್ನನ್ನು ಅದಕ್ಕೆ ಹಚ್ಚಿದಿರೋ ಎಂದು ಕೇಳಿದೆ. ಅವರು ನಶ್ಯದ ಡಬ್ಬಿ ತೆಗೆದರು.

ಹೊರಗೆ ಪುಟ್ಟಮ್ಮನಿಗೆ ಪಾಸಾಯಿತು ಎಂದು ಹೇಳಿದರೆ ಅವಳು ಮಗಳ ಮುಖ ಸವರಿ, ಹಣೆ ಮುದ್ದಿಟ್ಟು, ಕೂಡಲೇ ಮೇಷ್ಟ್ರ ಕಡೆ ತಿರುಗಿ, "ಸಂತೋಸ ಕಣ್ ಸಾಮಿ. ಈಗ ನನ್ ಆಡ್ಗೋಳ್ನ ಯಾರ್ ಕಾದಾರು?" ಎಂದಳು. ಅದಕ್ಕೂ ದೊಡ್ಡ ಮೇಷ್ಟ್ರ ಹತ್ತಿರ ದಾರಿ ಇತ್ತು. ಮರುದಿನದಿಂದ ಆಡುಗಳು ಮಾದೇವಿಯ ಜೊತೆ ಶಾಲೆಗೇ ಬಂದವು. ಹಿತ್ತಲ ಬೇಲಿಗೆ ಕಟ್ಟಿಹಾಕಿ, ಆಟದ ಹೊತ್ತಿನಲ್ಲಿ ಮಕ್ಕಳು ಸರದಿಯ ಮೇಲೆ ಸೊಪ್ಪು ಹಾಕುತ್ತಿದ್ದರು. ಪುಟ್ಟಮ್ಮ ಮತ್ತೆ ಕೂಲಿಗೆ ಹೋದಳು. ಹಾಜರಿಯ ಹೊತ್ತಿಗೆ ಮಾದೇವಿ ತಾನು ಉಂಡದ್ದನ್ನು ಹೇಳಿದ ಮೇಲೆ ಆಡುಗಳು ಏನು ತಿಂದವು ಎಂದೂ ಹೇಳಬೇಕಿತ್ತು. ನಾನು ಪಾಠ ಮಾಡುವಾಗ ಕಿಟಕಿಯಲ್ಲಿ ಒಂದು ಗಡ್ಡದ ಮುಖ ಸದಾ ಇರುತ್ತಿತ್ತು. ಅದಕ್ಕೆ ಮಕ್ಕಳು ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು.

ದಶಕ ಮುಗಿಯುವ ಹೊತ್ತಿಗೆ ದೊಡ್ಡ ಮೇಷ್ಟ್ರಿಗೆ ಹರವೆಯ ಕಡೆಗೆ ವರ್ಗವಾಯಿತು. ಮಾದೇವಿ ಆಗ ನಾಲ್ಕನೇ ತರಗತಿ. ಇಡೀ ಊರು ಅವರನ್ನು ಕಳಿಸಲು ತೆರಕಣಾಂಬಿಗೆ ನಡೆಯಿತು. ಪಟೇಲರು ತಾವೇ ಅವರ ಟ್ರಂಕು ಹೊತ್ತ ಗಾಡಿ ಹೊಡೆದರು. ಬಸ್ಸು ಬಂತು, ಡ್ರೈವರ್ ಎಂಜಿನ್ ನಿಲ್ಲಿಸಲಿಲ್ಲ. ಆ ಗಡಗಡ ಸದ್ದಿನಲ್ಲಿ ಯಾರು ಏನೆಂದರೂ ಕೇಳಿಸಲಿಲ್ಲ. ಪಟೇಲರು ಕಿಟಕಿಯ ಕೆಳಗೆ ನಿಂತು ಏನೋ ಕೂಗಿದರು. ಮೇಷ್ಟ್ರು ಕಿವಿಗೆ ಕೈಯಿಟ್ಟು, ಕೇಳಲ್ಲ ಎಂದು ತಲೆಯಾಡಿಸಿದರು. ನಾನೂ ಒಂದು ವಾರದಿಂದ ಜೋಡಿಸಿಕೊಂಡಿದ್ದ ಮಾತನ್ನು ಹೇಳಿದೆ. ನನಗೇ ಕೇಳಿಸಲಿಲ್ಲ.

ಬಸ್ಸು ಹೊರಟಿತು. ಅವರು ಎದ್ದು ಹಿಂದಿನ ಸೀಟಿಗೆ ಹೋಗಿ, ಗಾಜಿನಾಚೆಯಿಂದ ಕೈ ಎತ್ತಿದರು. ಮಾದೇವಿ ರಸ್ತೆಯ ನಡುವೆ ನಿಂತಳು. ಏನು ಉಂಡೆ ಎಂದು ಅವರು ಕೈಯಲ್ಲಿ ಕೇಳಿದರು. ರೊಟ್ಟಿ, ಸೊಪ್ಪಿನ ಪಲ್ಯ ಎಂದಳು ಇವಳು. ಆಡು? ಅವೂ ಉಂಡವು. ಬಸ್ಸು ದೂರವಾಗುತ್ತಿತ್ತು, ಸುತ್ತ ಜನ ಇನ್ನೂ ಕೂಗುತ್ತಿದ್ದರು, ಇವರಿಬ್ಬರ ಮಾತು ಮಾತ್ರ ನಡೆದೇ ಇತ್ತು. ಕೊನೆಗೆ ಅವರು ನನ್ನ ಕಡೆ ಬೆರಳು ತೋರಿಸಿ, ಇನ್ನು ಮೇಲೆ ನಿನ್ನ ದೊಡ್ಡ ಮೇಷ್ಟ್ರು ಯಾರು ಎಂದು ಕೇಳಿದರು.

ಮಾದೇವಿ ನನ್ನ ಹೆಸರು ಹೇಳಿದಳು. ಮೊದಲು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆಮೇಲೆ ಅವನ್ನು ಬಿಚ್ಚಿ, ಎರಡೂ ಕಡೆಗೆ ಅಗಲವಾಗಿ ಚಾಚಿದಳು. ಇನ್ಸ್‌ಪೆಕ್ಷನ್ನಿನ ಆ ದಿನದಿಂದ ನನ್ನ ಹೆಸರು ಅದೇ ಆಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. ಗಾಜಿನ ಹಿಂದೆ ದೊಡ್ಡ ಮೇಷ್ಟ್ರು ಅದೇ ಹೆಸರನ್ನು ತಾವೂ ಒಮ್ಮೆ ಹೇಳಿದರು. ಕೈ ಕಟ್ಟಿದರು, ಬಿಚ್ಚಿದರು. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಅವರ ಕೈಗಳು ಇನ್ನೂ ಹಾಗೆ ಚಾಚಿಕೊಂಡೇ ಇದ್ದವು.